ಮನೆ ಯಾರ ಹೆಸರಿನಲ್ಲಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಎರಡೂ ಮನುಷ್ಯರನ್ನು ಹಣ್ಣು ಮಾಡುವ ಕೆಲಸಗಳು, ಎರಡಕ್ಕೂ ಸಾಲ ತಪ್ಪಿದ್ದಲ್ಲ ಎಂದು ಹಿರಿಯರು ಹೇಳಿದ ಮಾತದು. ಆದರೆ ದೌರ್ಜನ್ಯಕ್ಕೆ ಸಿಕ್ಕಿ ನಮ್ಮ ಬಳಿ ಬರುವ ಹೆಣ್ಣುಮಕ್ಕಳ ಕತೆಗಳನ್ನು ವರ್ಷಾನುಗಟ್ಟಲೆ ಕೇಳುತ್ತ ಬಂದ ನನಗೆ ಈ ಗಾದೆಯ ಇನ್ನೊಂದು ಅರ್ಥ ಕಾಣುತ್ತಿದೆ. ಎಷ್ಟೋ ಕಡೆ ಈ ಎರಡು ಕೆಲಸಗಳು ಒಂದೇ ಆಗಿಬಿಟ್ಟಿವೆ. ಮಗನಿಗೆ ಮದುವೆ ಮಾಡುವುದು, ಸೊಸೆಯ ತವರಿನ ದುಡ್ಡಿನಲ್ಲಿ ಮನೆ ಕಟ್ಟುವುದು. ಗೋಡೆ ಎದ್ದು ನಿಂತ ಮೇಲೆ, ಇನ್ನಷ್ಟು ತರಲಿಲ್ಲವೆಂದು ಆ ಸೊಸೆಯನ್ನೇ ಹೊಸ್ತಿಲಾಚೆ ನೂಕುವುದು.

ಇವತ್ತು ವಸತಿಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಕಡಿಮೆ ಖರ್ಚಿನ ಮನೆ, ಬಾಳಿಕೆ ಬರುವ ಮನೆ, ನೆಲ ನೀರು ಕೆಡಿಸದ ಮನೆ, ಇದೆಲ್ಲ ಆಗಬೇಕಾದದ್ದೇ. ಆ ಮಾತಿಗೂ ಬರುತ್ತೇನೆ. ಆದರೆ ಮೊದಲು ಒಂದು ಪ್ರಶ್ನೆ. ನೀವೀಗ ಇರುವ ಮನೆ ಯಾರ ಹೆಸರಿನಲ್ಲಿದೆ? ಕೈ ಎತ್ತಬೇಡಿ, ನಿಮ್ಮೊಳಗೇ ಕೇಳಿಕೊಳ್ಳಿ. ‘ನಮ್ಮ ಮನೆ’ ಎನ್ನುತ್ತೀರಿ. ಸಾರಿಸುವವರು ನೀವು, ಸುಣ್ಣ ಬಳಿಯುವವರು ನೀವು, ಸಂಘದಿಂದ ಸಾಲ ತಂದು ಮಾಡಿಗೆ ಶೀಟು ಹಾಕಿಸಿದವರೂ ನೀವು. ಖಾತೆಯಲ್ಲಿ ಇರುವ ಹೆಸರು ಯಾರದು?

ಲೆಕ್ಕಕ್ಕೆ ಸಿಗದವರು

ಮನೆಯಿಲ್ಲದವರು ಎಂದರೆ ನಮ್ಮ ಕಣ್ಣಿಗೆ ಬರುವುದು ಪಟ್ಟಣದ ರಸ್ತೆ ಬದಿಯಲ್ಲಿ, ಮೇಲ್ಸೇತುವೆಯ ಕೆಳಗೆ, ರೈಲು ನಿಲ್ದಾಣದಲ್ಲಿ ಮಲಗುವ ಜನ. 2011ರ ಜನಗಣತಿ ಇಂಥವರನ್ನು ಎಣಿಸಿತು. ದೇಶದಲ್ಲಿ ಸುಮಾರು 17.7 ಲಕ್ಷ ಜನ ಎಂದಿತು. ಅವರ ಕಷ್ಟ ದೊಡ್ಡದು. ಲಕ್ಷ ಜನಸಂಖ್ಯೆಗೊಂದರಂತೆ ನಗರಗಳಲ್ಲಿ ಹಗಲೂ ರಾತ್ರಿ ತೆರೆದಿರುವ ಆಶ್ರಯ ತಾಣ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಬೇಕಾಯಿತು.

ಆದರೆ ಗಂಡನ ಮನೆಯಿಂದ ಹೊರಬಿದ್ದು ಅಣ್ಣನ ಮನೆಯ ಪಡಸಾಲೆಯಲ್ಲಿ ಮಲಗುವ ಹೆಣ್ಣು ಈ ಲೆಕ್ಕದಲ್ಲಿ ಇಲ್ಲ. ಅವಳ ತಲೆಯ ಮೇಲೆ ಸೂರು ಇದೆಯಲ್ಲ! ಅತ್ತಿಗೆಯ ಮುಖ ನೋಡಿ ಉಣ್ಣಬೇಕು, ಮಕ್ಕಳು ಗಟ್ಟಿಯಾಗಿ ಅತ್ತರೆ ಹೆದರಬೇಕು. ಇವತ್ತು ಇರು ಎಂದವರು ನಾಳೆ ಹೋಗು ಎನ್ನಬಹುದು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂದು ತವರು ಹೇಳುತ್ತದೆ. ‘ನಿಮ್ಮಪ್ಪನ ಮನೆಗೆ ನಡಿ’ ಎಂದು ಗಂಡನ ಮನೆ ಹೇಳುತ್ತದೆ. ಈ ಎರಡು ಮನೆಗಳ ನಡುವಿನ ಬಸ್ಸಿನಲ್ಲೇ ಎಷ್ಟು ಹೆಣ್ಣುಮಕ್ಕಳ ಆಯಸ್ಸು ಕಳೆದುಹೋಗಿದೆ!

ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದಳು. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಬಿಟ್ಟು ಒಂಬತ್ತು ವರ್ಷ ಆಗಿತ್ತು. ಊರಿನಲ್ಲಿ ಮನೆ ಕೊಡುತ್ತಾರೆಂದು ಅರ್ಜಿ ಹಾಕಿದಳು. ವಿಧವೆಯೇ ಎಂದು ಕೇಳಿದರು. ಗಂಡ ಬದುಕಿದ್ದಾನೆ. ವಿಚ್ಛೇದನದ ಕಾಗದ ಇದೆಯೇ ಎಂದು ಕೇಳಿದರು. ಕೋರ್ಟಿನ ಮೆಟ್ಟಿಲನ್ನೇ ಅವಳು ಹತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಗಂಡನ ಮನೆಯಲ್ಲೇ ಇತ್ತು. ‘ನಿನಗೆ ಮನೆ ಇದೆಯಲ್ಲಮ್ಮ’ ಎಂದು ಅರ್ಜಿಯನ್ನು ವಾಪಸು ಕೊಟ್ಟರು. ಕಾಗದದ ಮೇಲೆ ಅವಳಿಗೆ ಮನೆಯಿತ್ತು, ನೆಲದ ಮೇಲೆ ಇರಲಿಲ್ಲ. ಹೆಣ್ಣಿನ ವಸತಿಯ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಹೊಡೆತ ತಿಂದೂ ಯಾಕೆ ಅಲ್ಲೇ ಇರುತ್ತಾರೆ?

‘ಅಷ್ಟು ಹೊಡೆದರೂ ಅವಳು ಯಾಕೆ ಅಲ್ಲಿರುತ್ತಾಳೆ?’ ಎಂದು ಓದಿದವರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಹೋಗಲು ಎಲ್ಲಿದೆ? ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹತ್ತು ಗಂಟೆಗೆ ಅವಳು ಯಾವ ಬಾಗಿಲು ತಟ್ಟಬೇಕು? ಅವಳಿಗೆ ಹೋಗಲು ಜಾಗವಿಲ್ಲ ಎಂಬುದು ಹೊಡೆಯುವವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತು.

ಇದು ಬರೀ ನನ್ನ ಅನಿಸಿಕೆಯಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ಎಂಬ ವಿದ್ವಾಂಸರು ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ ಸುಮಾರು 500 ಹೆಣ್ಣುಮಕ್ಕಳನ್ನು ಮಾತಾಡಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯಾಗಲಿ ಜಮೀನಾಗಲಿ ತಮ್ಮ ಹೆಸರಿನಲ್ಲಿ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಜಮೀನು ಮಾತ್ರ ಇದ್ದವರಲ್ಲಿ ಆ ಪ್ರಮಾಣ 18, ಮನೆ ಮಾತ್ರ ಇದ್ದವರಲ್ಲಿ 10, ಎರಡೂ ಇದ್ದವರಲ್ಲಿ 7. ನಲವತ್ತೊಂಬತ್ತೆಲ್ಲಿ, ಏಳೆಲ್ಲಿ! ಸ್ವಂತ ಮನೆ ಇರುವ ಹೆಣ್ಣಿನ ಮೇಲೆ ಕೈ ಎತ್ತುವ ಮೊದಲು ಗಂಡಸು ಯೋಚಿಸುತ್ತಾನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೆ ಉಳಿಯುವವನು ತಾನು ಎಂಬುದು ಅವನಿಗೆ ಅರ್ಥವಾಗುತ್ತದೆ.

ಆದ್ದರಿಂದ ಗೆಳತಿಯರೇ, ವರದಕ್ಷಿಣೆಯ ವಿರುದ್ಧದ ಹೋರಾಟ ಬೇರೆ, ಮನೆಯ ಹೋರಾಟ ಬೇರೆ ಎಂದು ತಿಳಿಯಬೇಡಿ. ಮಗಳ ಮದುವೆಗೆಂದು ಮನೆ ಅಡವಿಡುವ ತಂದೆ ತಾಯಿಗೆ ನಾನು ಹೇಳುವುದು ಇಷ್ಟೇ: ಆ ದುಡ್ಡನ್ನು ಅಳಿಯನ ಕೈಗೆ ಹಾಕಿ ಅವಳಿಗೆ ಯಜಮಾನನನ್ನು ಕೊಳ್ಳಬೇಡಿ, ಅವಳ ಹೆಸರಿನಲ್ಲಿ ಒಂದು ಚಿಕ್ಕ ನಿವೇಶನ ಕೊಳ್ಳಿ.

ಕಾನೂನು ಏನು ಹೇಳುತ್ತದೆ?

‘ನಾವು ವರದಕ್ಷಿಣೆ ಕೇಳಲಿಲ್ಲ, ಮನೆ ಕಟ್ಟಲು ಸ್ವಲ್ಪ ಸಹಾಯ ಕೇಳಿದೆವು’ ಎನ್ನುವವರನ್ನು ನೀವು ನೋಡಿದ್ದೀರಿ. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಹೀಗೇ ಆಯಿತು. ಗರ್ಭಿಣಿ ಹೆಣ್ಣುಮಗಳೊಬ್ಬಳು ಸುಟ್ಟ ಗಾಯಗಳಿಂದ ಸತ್ತಳು. ಮನೆ ಕಟ್ಟಲು ತವರಿನಿಂದ ಹಣ ತರುವಂತೆ ಅವಳನ್ನು ಪೀಡಿಸುತ್ತಿದ್ದರು. ತವರಿನಲ್ಲಿ ಹಣ ಕೇಳಿದವಳು ಅವಳೇ, ಹಾಗಾಗಿ ಅದು ವರದಕ್ಷಿಣೆಯಲ್ಲ ಎಂದು ಅಲ್ಲಿನ ಹೈಕೋರ್ಟು ಹೇಳಿತ್ತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಹಿಂಸೆ ತಾಳಲಾರದೆ ಕೇಳಿದ್ದನ್ನು ಅವಳ ಇಚ್ಛೆ ಎನ್ನಲಾಗದು, ಮನೆ ಕಟ್ಟಲು ಹಣ ಕೇಳುವುದೂ ವರದಕ್ಷಿಣೆಯೇ ಎಂದಿತು. ಈ ಮಾತನ್ನು ನಿಮ್ಮ ಊರಿನ ಪ್ರತಿ ಮನೆಗೂ ಮುಟ್ಟಿಸಿ.

1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಆರನೆಯ ಕಲಂ ಒಂದಿದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವರದಕ್ಷಿಣೆಯಾಗಿ ಯಾರೇ ಏನೇ ಪಡೆದಿರಲಿ, ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿಗೆ ಒಪ್ಪಿಸಬೇಕು, ಒಪ್ಪಿಸುವ ತನಕ ಅದು ಅವಳ ಸ್ವತ್ತೆಂದೇ ಕಾಯ್ದಿಡಬೇಕು ಎನ್ನುತ್ತದೆ ಅದು. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆದರೂ ಹೋದದ್ದು ಹೋಯಿತು ಎಂದು ಕೈ ಕಟ್ಟಿ ಕೂರಬೇಕಾಗಿಲ್ಲ.

ಎರಡನೆಯದು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. 2005ರಲ್ಲಿ ಆದದ್ದು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ, ನೀವು ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕು ನಿಮಗಿದೆ ಎಂದು ಇದರ 17ನೆಯ ಕಲಂ ಹೇಳುತ್ತದೆ. 19ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರು ‘ಇವಳನ್ನು ಹೊರಗೆ ಹಾಕಕೂಡದು’ ಎಂದು ಆಜ್ಞೆ ಮಾಡಬಹುದು, ಹೊಡೆಯುವ ಗಂಡನನ್ನೇ ಮನೆ ಬಿಟ್ಟು ಹೋಗು ಎನ್ನಬಹುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಬಾಡಿಗೆ ಕಟ್ಟು ಎನ್ನಬಹುದು. ಮೊದಲು ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಈ ಹಕ್ಕು ಸಿಗುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಹಳೆಯ ತೀರ್ಪನ್ನು ಬದಲಿಸಿತು. ಮಾವನ ಹೆಸರಿನ ಮನೆಯಾದರೂ ಸೊಸೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅವಳಿಗೆ ವಾಸದ ಹಕ್ಕಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ನಿಮ್ಮ ಅಂಗನವಾಡಿಯ ಮೇಲಧಿಕಾರಿ ಎಂದರೆ ನಿಮಗೆ ಗುರುತು ಹತ್ತುತ್ತದೆ. ಅರ್ಜಿಯನ್ನು ಅಲ್ಲಿಗೆ ಕೊಡಬಹುದು.

ಒಂದು ಎಚ್ಚರಿಕೆಯ ಮಾತು. ವಾಸದ ಹಕ್ಕು ಬೇರೆ, ಒಡೆತನ ಬೇರೆ. ಕಾಯಿದೆ ನಿಮ್ಮನ್ನು ಆ ಮನೆಯಲ್ಲಿ ಉಳಿಸುತ್ತದೆ, ಆ ಮನೆಯನ್ನು ನಿಮ್ಮದು ಮಾಡುವುದಿಲ್ಲ. ಒಡೆತನ ಬರಬೇಕಾದರೆ ದಾರಿ ಬೇರೆ.

ಮೂರನೆಯದು ತವರಿನ ಪಾಲು. 1956ರ ಹಿಂದೂ ವಾರಸಾ ಕಾಯಿದೆಯಲ್ಲಿ 23ನೆಯ ಕಲಂ ಇತ್ತು. ತಂದೆ ಸತ್ತ ಮೇಲೆ ಗಂಡುಮಕ್ಕಳು ಪಾಲು ಮಾಡಿಕೊಳ್ಳಲು ಮುಂದಾಗುವ ತನಕ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ 23ನೆಯ ಕಲಮನ್ನೂ ತೆಗೆದುಹಾಕಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಮುಸ್ಲಿಂ ಮತ್ತು ಕ್ರೈಸ್ತ ಅಕ್ಕಂದಿರಿಗೆ ಕಾನೂನು ಬೇರೆ, ಆದರೆ ಅಲ್ಲಿಯೂ ಮಗಳಿಗೆ ಪಾಲಿದೆ. ಇಷ್ಟೆಲ್ಲ ಇದ್ದೂ ಆಗುವುದೇನು? ಹಬ್ಬಕ್ಕೆ ಕರೆದು, ಅರಿಶಿನ ಕುಂಕುಮ ಇಟ್ಟು, ಒಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ‘ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆ’ ಎಂದು ನಾವೂ ಸಹಿ ಹಾಕುತ್ತೇವೆ. ಕಷ್ಟ ಬಂದಾಗ ಅದೇ ತವರು ಎಷ್ಟು ದಿನ ಇಟ್ಟುಕೊಂಡಿತು ಎಂಬುದನ್ನು ಅನುಭವಿಸಿದವರನ್ನು ಕೇಳಿ. ಓದದೆ ಯಾವ ಕಾಗದಕ್ಕೂ ಸಹಿ ಬೇಡ, ಹೆಬ್ಬೆಟ್ಟು ಬೇಡ.

ಸೀರೆಯಲ್ಲಿ ಮನೆ ಅಳೆದವರು

ಬಡ ಹೆಂಗಸರು ಮನೆಯ ಕನಸು ಕಾಣುವುದುಂಟೇ ಎನ್ನುವವರಿಗೆ ಮುಂಬಯಿಯ ಒಂದು ಕತೆ ಹೇಳುತ್ತೇನೆ. ಅಲ್ಲಿನ ಬೈಕಲಾ ಭಾಗದ ಕಾಲುದಾರಿಗಳ ಮೇಲೆ ಸಾವಿರಾರು ಕುಟುಂಬಗಳು ಗೋಣಿ, ತಗಡಿನ ಜೋಪಡಿ ಕಟ್ಟಿಕೊಂಡಿದ್ದವು. 1985ರಲ್ಲಿ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಒಪ್ಪಿತು, ಆದರೆ ನೋಟೀಸು ಕೊಟ್ಟು ಜೋಪಡಿ ತೆಗೆಸಬಹುದು ಎಂದೂ ಹೇಳಿತು. ಆ ಹೊತ್ತಿನಲ್ಲಿ ‘ಸ್ಪಾರ್ಕ್’ ಎಂಬ ಸಂಸ್ಥೆಯ ಜೊತೆ ಸೇರಿ ಆ ಹೆಂಗಸರೇ ತಮ್ಮ ಜನರ ಗಣತಿ ಮಾಡಿದರು. 1986ರಲ್ಲಿ ‘ಮಹಿಳಾ ಮಿಲನ್’ ಎಂಬ ಸಂಘ ಕಟ್ಟಿದರು. ನಿಮ್ಮ ಹಾಗೆಯೇ ಚಿಲ್ಲರೆ ಕಾಸು ಕೂಡಿಸಿದರು. ಜಾಗ ಸಿಗುವ ಸೂಚನೆಯೂ ಇಲ್ಲದಿದ್ದಾಗ, ಮನೆ ಹೇಗಿರಬೇಕು ಎಂದು ತಾವೇ ಕೂತು ಲೆಕ್ಕ ಹಾಕಿದರು. ಅಳತೆ ಪಟ್ಟಿ ಓದಲು ಬಾರದವರು ಉಟ್ಟ ಸೀರೆಯಿಂದ ಕೋಣೆಯ ಉದ್ದಗಲ ಅಳೆದರು. ಜಾಗ ಚಿಕ್ಕದು, ಹಾಗಾಗಿ ಗೋಡೆ 14 ಅಡಿ ಎತ್ತರವಿರಲಿ, ಮೇಲೊಂದು ಅಟ್ಟ ಇರಲಿ, ಮಕ್ಕಳು ಅಲ್ಲಿ ಮಲಗಲಿ, ಓದಲಿ ಎಂದು ನಿಶ್ಚಯಿಸಿದರು. ನಿಜವಾದ ಅಳತೆಯ ಮಾದರಿ ಮನೆ ಕಟ್ಟಿ ಪ್ರದರ್ಶನಕ್ಕಿಟ್ಟು ಅಧಿಕಾರಿಗಳನ್ನೇ ಕರೆದು ತೋರಿಸಿದರು. ಕಾಯಬೇಕಾಗಿ ಬಂದದ್ದು ವರ್ಷಗಟ್ಟಲೆ. ಕೊನೆಗೆ ಮಾನ್‌ಖುರ್ದ್‌ನಲ್ಲಿ ‘ಮಿಲನ್ ನಗರ’ ಎಂಬ ಅವರದೇ ಸಹಕಾರಿ ವಸತಿ ಎದ್ದಿತು. ಅವರ ಜೊತೆ ನಿಂತ ಕೊಳೆಗೇರಿ ನಿವಾಸಿಗಳ ನಾಯಕ ಜಾಕಿನ್ ಅರ್ಪುತಂ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅವರು 2018ರಲ್ಲಿ ತೀರಿಕೊಂಡರು.

ಈ ಕತೆಯಿಂದ ನಾನು ಕಲಿತದ್ದು ಇಷ್ಟು. ಕಾಸಿಗಿಂತ ಮೊದಲು ಕೂಡಬೇಕಾದದ್ದು ಜನ. ಯಾರಿಗೆ ಮನೆಯಿಲ್ಲ ಎಂಬ ಲೆಕ್ಕ ನಮ್ಮ ಕೈಯಲ್ಲಿರಬೇಕು. ಮನೆ ಹೇಗಿರಬೇಕೆಂದು ಹೇಳುವವರು ಅದರಲ್ಲಿ ಬದುಕುವವರಾಗಿರಬೇಕು.

ಮಣ್ಣಿನ ಗೋಡೆ, ಗಟ್ಟಿ ಗೋಡೆ

ಈಗ ಕಟ್ಟುವ ಮಾತು. 2016ರಲ್ಲಿ ಶುರುವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ, ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರಿನ ಮನೆ ಎಂದು ಗೊತ್ತುಮಾಡಿದರು. ಅಂದರೆ ಸುಮಾರು 270 ಚದರ ಅಡಿ. ಆ ದುಡ್ಡಿಗೆ ತಳಪಾಯ ಎದ್ದರೆ ಗೋಡೆ ಏಳುವುದಿಲ್ಲ, ಗೋಡೆ ಎದ್ದರೆ ಮಾಡು ಬರುವುದಿಲ್ಲ. ಉಳಿದದ್ದಕ್ಕೆ ಸಾಲ. ತಾಳಿ ಅಡವಿಟ್ಟು ಸಿಮೆಂಟು ತರುವವರು ಮತ್ತೆ ನಾವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹೊಗೆ ಕಡಿಮೆ ಮಾಡಿದ ‘ಅಸ್ತ್ರ ಒಲೆ’ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದೇ ಕೇಂದ್ರದವರು, ಪ್ರೊ. ಕೆ.ಎಸ್. ಜಗದೀಶ್ ಮೊದಲಾದವರು, ಸುಡದೆ ಮಾಡುವ ಮಣ್ಣಿನ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಮೂರು ವಾರ ನೀರು ಚಿಮುಕಿಸಿ ಹದ ಮಾಡಿದರೆ ಇಟ್ಟಿಗೆ ಸಿದ್ಧ. ಗೂಡು ಬೇಡ, ಸೌದೆ ಬೇಡ, ಲಾರಿ ಬಾಡಿಗೆ ಬೇಡ. ಮಣ್ಣು ಮಾತ್ರ ಸರಿಯಾದದ್ದಿರಬೇಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕೆಳಗೆ ಕೂರುತ್ತದೆ, ಜೇಡಿ ಮೇಲೆ ನಿಲ್ಲುತ್ತದೆ. ಮರಳಿನ ಪಾಲು ಮೂರರಲ್ಲಿ ಎರಡರಷ್ಟು ಇದ್ದರೆ ಒಳ್ಳೆಯದು. ಕೆಂಪು ಮಣ್ಣಿನ ಸೀಮೆಯವರಿಗೆ ಇದು ಸುಲಭ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರುಕು ಬಿಡುತ್ತದೆ. ಅದನ್ನು ಹಾಗೇ ಬಳಸಬಾರದು. ಗೋಡೆಯ ಕೆಳಗೆ ಕಲ್ಲಿನ ತಳಪಾಯ, ಮೇಲೆ ಅಗಲವಾದ ಸೂರು ಇದ್ದರೆ ಮಳೆ ಗೋಡೆಗೆ ತಾಗುವುದಿಲ್ಲ.

ಕೇರಳದಲ್ಲಿ ನೆಲೆ ನಿಂತು ಬಡವರಿಗೆ ಮನೆ ಕಟ್ಟಿದ ಲಾರಿ ಬೇಕರ್ (1917–2007) ಅವರ ಹೆಸರು ಕೇಳಿರಬಹುದು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಅವರು ಬಳಕೆಗೆ ತಂದರು. ಇದರಲ್ಲಿ ಇಟ್ಟಿಗೆ ಕಾಲು ಭಾಗದಷ್ಟು ಉಳಿಯುತ್ತದೆ, ಒಳಗೆ ತಂಪಾಗಿಯೂ ಇರುತ್ತದೆ. ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಮಂಗಳೂರು ಹೆಂಚು ಇಟ್ಟು ಸಿಮೆಂಟು ಉಳಿಸಿದರು. ನಮ್ಮ ಜಿಲ್ಲೆಗಳ ನಿರ್ಮಿತಿ ಕೇಂದ್ರಗಳಲ್ಲಿ ಇಂಥ ಕೆಲಸದ ಬಗ್ಗೆ ಕೇಳಬಹುದು. ಗಾರೆ ಕೆಲಸದಲ್ಲಿ ನಾವು ಬಾಂಡಲಿ ಹೊರುತ್ತೇವೆ, ಕರಣೆ ಮಾತ್ರ ಗಂಡಸಿನ ಕೈಯಲ್ಲಿ. ಕೂಲಿಯೂ ಹಾಗೆಯೇ. ಸಂಘದ ಹತ್ತು ಹೆಂಗಸರು ಇಟ್ಟಿಗೆ ಒತ್ತುವುದನ್ನೂ ಕರಣೆ ಹಿಡಿಯುವುದನ್ನೂ ಕಲಿತರೆ ಮನೆಯೂ ಆಗುತ್ತದೆ, ಕಸುಬೂ ಆಗುತ್ತದೆ.

ಸಂಘ ಮಾಡಬಹುದಾದದ್ದು

ಸಂಘ ಎಂದರೆ ವಾರದ ಉಳಿತಾಯ, ಸಾಲ, ಬಡ್ಡಿ ಇಷ್ಟೇ ಆದರೆ ನಾವು ಒಂದು ಸಣ್ಣ ಬ್ಯಾಂಕಾಗಿ ಉಳಿಯುತ್ತೇವೆ. ನನ್ನ ಕೆಲವು ಸಲಹೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಮನೆಗಾಗಿ ಸಾಲ ಕೊಡುವ ಮುನ್ನ ಸಂಘ ಒಂದು ನಿಯಮ ಮಾಡಲಿ: ಖಾತೆಯಲ್ಲಿ ಸದಸ್ಯೆಯ ಹೆಸರು ಇರಬೇಕು, ಒಂಟಿಯಾಗಿ ಇಲ್ಲವೇ ಜಂಟಿಯಾಗಿ. ‘ಗಂಡಸರು ಒಪ್ಪುವುದಿಲ್ಲ’ ಎಂದು ನೀವು ಹೇಳುತ್ತೀರಿ, ಗೊತ್ತು. ಸಾಲ ತೀರಿಸುವಾಗ ಅವಳ ಹೆಸರು ಬೇಕು, ಸ್ವತ್ತಿಗೆ ಬೇಡವೇ? ಒಬ್ಬಳೇ ಕೇಳಿದರೆ ಜಗಳವಾಗುತ್ತದೆ. ಸಂಘದ ನಿಯಮವೆಂದರೆ ಅವಳೊಬ್ಬಳನ್ನು ಯಾರೂ ದೂರುವಂತಿಲ್ಲ.

ಎರಡನೆಯದು, ಸರ್ಕಾರದ ಮನೆ. ಆವಾಸ್ ಯೋಜನೆಯ ಮನೆ ಹೆಣ್ಣಿನ ಹೆಸರಿಗೆ, ಇಲ್ಲವೇ ಇಬ್ಬರ ಹೆಸರಿಗೆ ಎಂಬುದು ನಿಯಮ. ರಾಜ್ಯದ ವಸತಿ ಯೋಜನೆಗಳಲ್ಲೂ ಹೆಣ್ಣಿನ ಹೆಸರಿಗೇ ಆದ್ಯತೆ. ಗ್ರಾಮಸಭೆಯಲ್ಲಿ ಫಲಾನುಭವಿಗಳನ್ನು ಆರಿಸುವ ದಿನ ಸಂಘದವರೆಲ್ಲ ಹೋಗಿ. ಅದಕ್ಕೆ ಮುಂಚೆ ನಿಮ್ಮ ಊರಿನ ಪಟ್ಟಿ ನೀವೇ ಮಾಡಿ: ಗಂಡ ಬಿಟ್ಟವರು, ಹೊಡೆತ ತಾಳದೆ ಬಂದವರು, ಮಗಳ ಮನೆಯ ಜಗುಲಿಯಲ್ಲಿರುವ ಮುದುಕಿಯರು. ವಿಚ್ಛೇದನದ ಕಾಗದವಿಲ್ಲದವಳ ಪರವಾಗಿ ಇಡೀ ಸಂಘ ಎದ್ದು ನಿಂತು ‘ಇವಳು ಒಂಟಿಯಾಗಿದ್ದಾಳೆ, ನಾವು ಬಲ್ಲೆವು’ ಎಂದು ಹೇಳಿ, ನಡಾವಳಿಯಲ್ಲಿ ಬರೆಸಿ.

ಮೂರನೆಯದು, ಹಕ್ಕುಪತ್ರ, ಖಾತೆ, ತೆರಿಗೆ ರಸೀದಿಗಳ ಒಂದೊಂದು ಪ್ರತಿ ನಂಬಿಕೆಯ ಗೆಳತಿಯ ಬಳಿ ಇರಲಿ. ರಾತ್ರೋರಾತ್ರಿ ಹೊರಬೀಳುವವಳು ಪೆಟ್ಟಿಗೆ ತೆಗೆಯಲಾರಳು.

ನಾಲ್ಕನೆಯದು, ಆ ರಾತ್ರಿಯ ಮಾತು. 181ಕ್ಕೆ ಫೋನು ಮಾಡಬಹುದು. ಜಿಲ್ಲೆಯ ‘ಸಖಿ’ ಕೇಂದ್ರದಲ್ಲಿ ಐದು ದಿನಗಳವರೆಗೆ ಉಳಿಯಲು ಅವಕಾಶವಿದೆ. ಆದರೆ ಜಿಲ್ಲಾ ಕೇಂದ್ರ ದೂರ, ಕೊನೆಯ ಬಸ್ಸು ಹೋಗಿರುತ್ತದೆ. ಬೆಳಗಾಗುವ ತನಕ ಅವಳಿಗೆ ಬಾಗಿಲು ತೆರೆಯುವ ಎರಡು ಮನೆಗಳನ್ನಾದರೂ ಪ್ರತಿ ಊರಿನ ಸಂಘ ಗುರುತಿಸಿಡಬೇಕು.

ಹೆಸರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ತನ್ನ ಹೆಸರಿನ ಮನೆಯನ್ನು ಹೊಡೆತಕ್ಕೆ ಹೆದರಿ ಅಡವಿಗೆ ಬರೆದುಕೊಟ್ಟವರನ್ನೂ ನಾನು ಕಂಡಿದ್ದೇನೆ. ಕಾಗದದ ಹಿಂದೆ ಜನ ನಿಲ್ಲದಿದ್ದರೆ ಕಾಗದ ಒಬ್ಬಳನ್ನು ಕಾಯುವುದಿಲ್ಲ. ಹತ್ತು ಹದಿನೈದು ಮಂದಿ ಹೆಂಗಸರು ಒಂದು ಮನೆಯ ಮುಂದೆ ಬಂದು ಕೂತು ‘ಇದು ಇವಳ ಮನೆ’ ಎಂದು ಹೇಳಿದ ದಿನ ಆ ಹಕ್ಕುಪತ್ರಕ್ಕೆ ಜೀವ ಬರುತ್ತದೆ. ಆ ಹತ್ತು ಹದಿನೈದು ಮಂದಿ ಈಗಾಗಲೇ ನಿಮ್ಮ ಸಂಘದಲ್ಲಿ ಇದ್ದೀರಿ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನಿಮ್ಮ ನಿಮ್ಮ ಮನೆಯ ಖಾತೆಯ ಕಾಗದವನ್ನೂ ತನ್ನಿ. ಓದಲು ಬರುವವರು ಓದಿ ಹೇಳಿ. ಯಾರ ಹೆಸರಿದೆ, ಯಾರದಿಲ್ಲ ಎಂದು ಬರೆದಿಡಿ. ಕೆಲಸವನ್ನು ಅಲ್ಲಿಂದ ಶುರು ಮಾಡೋಣ.